ಕಂಪೈಲರ್ ಮನೆಯ ಎರಡು ಗಡಿಯಾರ

2025ರ ಫೆಬ್ರವರಿಯಲ್ಲಿ ಪೈಥಾನ್ ಬಳಗದಿಂದ ಒಂದು ಸಿಹಿ ಸುದ್ದಿ ಬಂತು. ಆ ವರ್ಷ ಬರಲಿದ್ದ 3.14 ಆವೃತ್ತಿಗೆ ಹೊಸ ಬಗೆಯ ಇಂಟರ್‌ಪ್ರಿಟರ್ (ಪೈಥಾನ್ ಕೋಡನ್ನು ಓದಿ ಓಡಿಸುವ ಭಾಗ) ಸೇರಿತ್ತು. ಬೆಂಚ್‌ಮಾರ್ಕ್‌ಗಳಲ್ಲಿ, ಅಂದರೆ ವೇಗ ಅಳೆಯುವ ಪರೀಕ್ಷೆಗಳಲ್ಲಿ, ಸರಾಸರಿ ಶೇ. 9ರಿಂದ 15ರಷ್ಟು ವೇಗ ಜಾಸ್ತಿಯಾಗಿದೆ ಅಂತ ಲೆಕ್ಕ ತೋರಿಸಿದರು. ಈ ಕೆಲಸದಲ್ಲಿ ಇರುವವರಿಗೆ ಶೇ. 2 ಸಿಕ್ಕರೂ ಹಬ್ಬ. ಇದಂತೂ ಜಾತ್ರೆ.

ತಿಂಗಳು ಕಳೆಯುವಷ್ಟರಲ್ಲಿ ಜಾತ್ರೆ ಮುಗಿಯಿತು. ನೆಲ್ಸನ್ ಎಲ್ಹೇಜ್ ಎಂಬ ಇಂಜಿನಿಯರ್ ಅದೇ ಪೈಥಾನ್ ಅನ್ನು ಬೇರೆ ಬೇರೆ ಕಂಪೈಲರ್‌ಗಳಲ್ಲಿ (ಬರೆದ ಕೋಡನ್ನು ಯಂತ್ರ ಓಡಿಸುವ ರೂಪಕ್ಕೆ ತಿರುಗಿಸುವ ಪ್ರೋಗ್ರಾಮ್‌ಗಳು) ಬಿಲ್ಡ್ ಮಾಡಿ ನೋಡಿದರು. ಹೊಸದು ಅಷ್ಟೊಂದು ಚುರುಕಾಗಿರಲಿಲ್ಲ. ಹೋಲಿಕೆಗೆ ಇಟ್ಟಿದ್ದ ಹಳೆಯದೇ ಮಂದವಾಗಿತ್ತು. ಹಾಗೆ ಮಂದ ಮಾಡಿದ್ದು ಪೈಥಾನ್‌ನವರಲ್ಲ, ಅದನ್ನು ಕಂಪೈಲ್ ಮಾಡಿದ ಕ್ಲ್ಯಾಂಗ್ 19 ಎಂಬ ಕಂಪೈಲರ್. ಪೈಥಾನ್‌ನವರು ತಪ್ಪು ಒಪ್ಪಿಕೊಂಡು ಅಂಕಿ ತಿದ್ದಿದರು. ಈಗ 3.14ರ ದಾಖಲೆಯಲ್ಲಿ ಇರುವುದು ಶೇ. 3ರಿಂದ 5.

ಕಂಪೈಲರ್ ಒಳಗೆ ಆಗಿದ್ದೇನು? ಪೈಥಾನ್ ಇಂಟರ್‌ಪ್ರಿಟರ್‌ನ ಹೊಟ್ಟೆಯಲ್ಲಿ ಒಂದು ದೈತ್ಯ ಫಂಕ್ಷನ್ ಇದೆ. ಬೈಟ್‌ಕೋಡ್‌ನ (ಇಂಟರ್‌ಪ್ರಿಟರ್‌ಗೆ ಅರ್ಥವಾಗುವ ಪುಟ್ಟ ಆದೇಶಗಳ ಸಾಲು) ಒಂದೊಂದು ಆದೇಶಕ್ಕೂ ಅದರಲ್ಲಿ ಒಂದೊಂದು ತುಂಡು ಕೋಡ್. ಒಂದು ತುಂಡು ಮುಗಿದ ಕೂಡಲೇ ಮುಂದಿನದಕ್ಕೆ ಜಿಗಿಯಬೇಕು. ವೇಗ ಬರಲೆಂದು ಪ್ರತಿ ತುಂಡಿನ ಕೊನೆಗೂ ಅದರದ್ದೇ ಸ್ವಂತ ಜಿಗಿತ ಇರಲಿ ಎನ್ನುವುದು ಬರೆದವರ ಆಸೆ. ಎಲ್‌ಎಲ್‌ವಿಎಂ (ಕ್ಲ್ಯಾಂಗ್‌ನ ಒಳಗಿರುವ ಯಂತ್ರ ಇದೇ) ತನ್ನ ಅನುಕೂಲಕ್ಕೆ ಈ ಜಿಗಿತಗಳನ್ನೆಲ್ಲ ಮೊದಲು ಒಂದೇ ಕಡೆ ಕೂಡಿಸಿಕೊಳ್ಳುತ್ತದೆ. ಕೊನೆಯ ಹಂತಗಳಲ್ಲಿ ಮತ್ತೆ ಬಿಡಿಬಿಡಿಯಾಗಿ ಹಂಚುತ್ತದೆ. ಕೆಲವು ಫಂಕ್ಷನ್‌ಗಳಲ್ಲಿ ಈ ಹಂಚುವ ಕೆಲಸ ಕೈಮೀರಿ ಬೆಳೆಯುತ್ತಿತ್ತು. ಕಂಪೈಲ್ ಮಾಡುವ ಸಮಯವೂ ಮೆಮೊರಿಯೂ ಆಕಾಶಕ್ಕೇರುತ್ತಿದ್ದವು. ಅದಕ್ಕೆ 19ನೇ ಆವೃತ್ತಿಯಲ್ಲಿ ಒಂದು ಮಿತಿ ಹಾಕಿದರು. ಪೈಥಾನ್‌ನ ಫಂಕ್ಷನ್ ಆ ಮಿತಿಯಿಂದ ಆಚೆ ಬಿತ್ತು. ಕೂಡಿಸಿದ ಜಿಗಿತ ಕೂಡಿಕೊಂಡೇ ಉಳಿಯಿತು.

ಮಿತಿ ಹಾಕಿದವರ ಉದ್ದೇಶ ಒಳ್ಳೆಯದೇ. ಒಂದು ಗಡಿಯಾರವನ್ನು ಕಾಪಾಡಲು ಹೋದರು, ಇನ್ನೊಂದು ಹಿಂದೆ ಬಿತ್ತು. ಕಂಪೈಲರ್ ಬರೆಯುವವರ ಗೋಡೆಯ ಮೇಲೆ ಯಾವಾಗಲೂ ಎರಡು ಗಡಿಯಾರ ಇರುತ್ತವೆ. ಕಂಪೈಲರ್ ತಾನು ಕೆಲಸ ಮುಗಿಸಲು ತೆಗೆದುಕೊಳ್ಳುವ ಸಮಯ ಒಂದು. ಅದು ತಯಾರಿಸಿ ಕೊಟ್ಟ ಪ್ರೋಗ್ರಾಮ್ ಓಡಲು ತೆಗೆದುಕೊಳ್ಳುವ ಸಮಯ ಇನ್ನೊಂದು. ಬೇರೆ ಸಾಫ್ಟ್‌ವೇರ್ ಬರೆಯುವವರಿಗೆ ಈ ಎರಡನೆಯ ತಲೆನೋವು ಇರುವುದಿಲ್ಲ.

ಈ ಲೇಖನದ ವಿಷಯ ಮಿತಿ ಹಾಕುವುದಲ್ಲ, ಅದಕ್ಕಿಂತ ಸಪ್ಪೆಯಾದ ಕೆಲಸ: ಕೋಡ್ ಶುಚಿ ಮಾಡುವುದು. ಹೊಸ ಸೌಲಭ್ಯ ಇಲ್ಲ, ಬಗ್ ಸರಿಪಡಿಸಿದ್ದೂ ಇಲ್ಲ. ಉದ್ದನೆಯ ಫಂಕ್ಷನ್ ಒಡೆಯುವುದು, ಹೆಸರು ಬದಲಿಸುವುದು, ಎರಡು ಕಡೆ ಇರುವ ಒಂದೇ ಕೋಡನ್ನು ಒಂದು ಮಾಡುವುದು, ಯಾರೂ ಕರೆಯದ ಕೋಡನ್ನು ಕಿತ್ತುಹಾಕುವುದು. ಇಂಥ ಬದಲಾವಣೆ ಕಳಿಸುವವರು ಮೇಲೆ ಒಂದು ಸಾಲು ಬರೆದಿರುತ್ತಾರೆ: ‘ಯಾವ ನಡವಳಿಕೆಯೂ ಬದಲಾಗಿಲ್ಲ’. ಆ ಸಾಲನ್ನು ನಂಬುವುದು ಹೇಗೆ ಅನ್ನುವುದೇ ಪ್ರಶ್ನೆ.

ಒಂದು ಗಡಿಯಾರ ಸುಲಭ

ಗೋ ಭಾಷೆಯ ಕಂಪೈಲರ್ ತಂಡದ ಉತ್ತರ ನನಗೆ ಬಹಳ ಇಷ್ಟ. ಅವರ ಬಳಿ ಟೂಲ್‌ಸ್ಟ್ಯಾಶ್ ಎಂಬ ಚಿಕ್ಕ ಉಪಕರಣ ಇದೆ. ಶುಚಿ ಮಾಡುವ ಮೊದಲು ಹಳೆಯ ಕಂಪೈಲರನ್ನು ಅದು ಪಕ್ಕಕ್ಕೆ ಎತ್ತಿಡುತ್ತದೆ. ಆಮೇಲೆ ಒಂದೇ ಕೋಡನ್ನು ಹಳೆಯದಕ್ಕೂ ಹೊಸದಕ್ಕೂ ಕೊಟ್ಟು, ಹೊರಬಂದ ಫೈಲ್‌ಗಳನ್ನು ಬೈಟ್‌ಗೆ ಬೈಟ್ ಹೋಲಿಸುತ್ತದೆ. ಒಂದೇ ಒಂದು ಬೈಟ್ ಬೇರೆಯಾದರೂ ಜೋರಾಗಿ ಹೇಳುತ್ತದೆ. ಗೋ ಕಂಪೈಲರ್‌ನ ಕಮಿಟ್ ಇತಿಹಾಸ (ದಾಖಲಾದ ಒಂದೊಂದು ಬದಲಾವಣೆಯೂ ಒಂದು ಕಮಿಟ್) ತಿರುವಿ ಹಾಕಿದರೆ, ಈ ಹೋಲಿಕೆ ಪಾಸಾಗಿದೆ ಎನ್ನುವ ಒಂದು ಸಾಲು ಮತ್ತೆ ಮತ್ತೆ ಕಾಣುತ್ತದೆ. ರಿವ್ಯೂ ಮಾಡುವವರಿಗೆ ಅದೊಂದು ಸಾಲು ಎಷ್ಟು ನೆಮ್ಮದಿ ಅಂದರೆ, ಐನೂರು ಸಾಲಿನ ಬದಲಾವಣೆಯನ್ನೂ ತಣ್ಣಗೆ ಕೂತು ಓದಬಹುದು.

ಯಾಕೆ? ಹೊರಬಂದ ಫೈಲ್ ಅಚ್ಚಿಗೆ ಅಚ್ಚು ಒಂದೇ ಆಗಿದ್ದರೆ, ಅದು ಓಡುವ ವೇಗ ಬದಲಾಗಲು ದಾರಿಯೇ ಇಲ್ಲ. ಎರಡನೆಯ ಗಡಿಯಾರದ ಚಿಂತೆ ಅಲ್ಲಿಗೆ ತೀರಿತು. ಬೆಂಚ್‌ಮಾರ್ಕ್ ಬೇಡ, ಸರಾಸರಿ ಬೇಡ, ವಾದವೂ ಬೇಡ.

ಇದಕ್ಕೊಂದು ಷರತ್ತು ಇದೆ. ಕಂಪೈಲರ್ ಒಂದೇ ಕೋಡಿಗೆ ಪ್ರತಿ ಸಲವೂ ಒಂದೇ ಉತ್ತರ ಕೊಡಬೇಕು. ಗೋ ಭಾಷೆಯಲ್ಲಿ ಮ್ಯಾಪ್ (ಕೀಲಿಗೊಂದು ಬೆಲೆ ಜೋಡಿಸಿಟ್ಟ ಪಟ್ಟಿ) ಒಂದನ್ನು ಸುತ್ತಿಬಂದರೆ ಕೀಲಿಗಳ ಸರದಿ ಪ್ರತಿ ಸಲ ಬೇರೆ ಇರುತ್ತದೆ, ಬೇಕೆಂದೇ ಹಾಗೆ ಮಾಡಿದ್ದಾರೆ. ಗೋ ಕಂಪೈಲರ್ ಬರೆದಿರುವುದೂ ಗೋದಲ್ಲೇ. ಹಾಗಾಗಿ ಯಾರಾದರೂ ಅರಿಯದೆ ಮ್ಯಾಪ್‌ನ ಸರದಿಯಲ್ಲೇ ಕೋಡ್ ಉಗುಳಿದರೆ ಹೋಲಿಕೆ ಅಲ್ಲೇ ಮುರಿಯುತ್ತದೆ. ಮೊದಲು ವಿಂಗಡಿಸಿಕೊಂಡು ಆಮೇಲೆ ಉಗುಳಬೇಕು. ತನ್ನ ಭಾಷೆಯ ಕಟ್ಟಳೆಗೆ ಕಂಪೈಲರೇ ಸಿಕ್ಕಿಬೀಳುವ ತಮಾಷೆ ಇದು.

ಇದರಿಂದ ಒಂದು ಶಿಸ್ತೂ ತಾನಾಗಿ ಬರುತ್ತದೆ. ಶುಚಿ ಮಾಡುವ ಕಮಿಟ್ ಬೇರೆ, ನಡವಳಿಕೆ ಬದಲಿಸುವ ಕಮಿಟ್ ಬೇರೆ. ಎರಡನ್ನೂ ಕಲಸಿಬಿಟ್ಟರೆ ಬೈಟ್ ಹೋಲಿಕೆ ಉಪಯೋಗಕ್ಕೆ ಬರುವುದಿಲ್ಲ. ‘ಹೇಗೂ ಈ ಫೈಲ್ ತೆರೆದಿದ್ದೇನೆ, ಇದನ್ನೂ ಸರಿಮಾಡಿಬಿಡೋಣ’ ಎನ್ನುವ ಆಸೆ ಎಲ್ಲರಿಗೂ ಬರುತ್ತದೆ, ನನಗೂ. ಆ ಆಸೆಯೇ ಮುಂದೆ ರಿಗ್ರೆಷನ್ (ಮೊದಲು ಸರಿಯಿದ್ದದ್ದು ಯಾವ ಬದಲಾವಣೆಯಿಂದ ಕೆಟ್ಟಿತು ಅಂತ) ಹುಡುಕುವವರ ನಿದ್ದೆ ಕೆಡಿಸುತ್ತದೆ.

ಇನ್ನೊಂದು ಕಷ್ಟ

ಉಳಿದಿದ್ದು ಕಂಪೈಲರ್‌ನ ಸ್ವಂತ ವೇಗ. ಶುಚಿ ಕೆಲಸ ಪೆಟ್ಟು ಕೊಡುವುದು ಹೆಚ್ಚಾಗಿ ಇಲ್ಲಿಯೇ.

ಕಂಪೈಲರ್ ಒಳಗೆ ದೊಡ್ಡ ಲೆಕ್ಕಾಚಾರ ಕಡಿಮೆ, ಪುಟ್ಟ ಕೆಲಸ ಲಕ್ಷಾಂತರ ಸಲ. ಟೋಕನ್ ಓದು, ನೋಡ್ ಮಾಡು, ಹೆಸರು ಹುಡುಕು, ಟೈಪ್ ಹೋಲಿಸು. ಇಂಥ ಜಾಗದಲ್ಲಿ ಓದಲು ಚೆಂದ ಅನ್ನಿಸುವ ಒಂದು ಬದಲಾವಣೆಯ ಬೆಲೆ ಲಕ್ಷದಿಂದ ಗುಣಿಸಿಕೊಂಡು ಬರುತ್ತದೆ. ಮೊದಲು ಕೈಯಲ್ಲಿರುವ ಪಟ್ಟಿಗೇ ಸೇರಿಸುತ್ತಿದ್ದ ಫಂಕ್ಷನ್, ಈಗ ಹೊಸ ಪಟ್ಟಿ ಮಾಡಿ ವಾಪಸ್ ಕೊಡುತ್ತದೆ. ಓದಲು ಹಿತ. ಆದರೆ ಪ್ರತಿ ಸಲ ಹೊಸ ಮೆಮೊರಿ ಬೇಡುತ್ತದೆ.

ರಸ್ಟ್ ಎಂಬ ಭಾಷೆಯ ಕಂಪೈಲರ್‌ನಲ್ಲಿ ಇದರ ಉದಾಹರಣೆಗಳು ಬೇಕಾದಷ್ಟಿವೆ. ಸಿಂಟ್ಯಾಕ್ಸ್ ಮರದ (ಓದಿದ ಕೋಡನ್ನು ಕಂಪೈಲರ್ ಜೋಡಿಸಿಟ್ಟುಕೊಳ್ಳುವ ರೂಪ) ಒಂದು ನೋಡ್‌ಗೆ ಯಾರೋ ಒಂದು ಹೊಸ ಬಗೆ ಸೇರಿಸುತ್ತಾರೆ ಅಂದುಕೊಳ್ಳಿ. ರಸ್ಟ್‌ನ ಈನಮ್‌ಗೆ (ಹಲವು ಬಗೆಗಳಲ್ಲಿ ಒಂದನ್ನು ಹಿಡಿದಿಡುವ ಟೈಪ್) ಅದರ ಅತಿ ದೊಡ್ಡ ಬಗೆಯಷ್ಟೇ ಜಾಗ ಬೇಕು. ಅಪರೂಪಕ್ಕೆ ಬರುವ ಒಂದು ಬಗೆ ದಪ್ಪಗಾದರೆ ಎಲ್ಲ ನೋಡ್‌ಗಳೂ ದಪ್ಪಗಾಗುತ್ತವೆ. ಮದುವೆ ಮನೆಯಲ್ಲಿ ಒಬ್ಬ ಎತ್ತರದ ನೆಂಟ ಬರುತ್ತಾನೆ ಅಂತ ಎಲ್ಲ ಹಾಸಿಗೆಯನ್ನೂ ಏಳಡಿ ಮಾಡಿಸಿದ ಹಾಗೆ. 128 ಬೈಟ್ ದಾಟಿದ ಟೈಪ್‌ಗಳನ್ನು ನಕಲು ಮಾಡಲು ರಸ್ಟ್ ಪ್ರತ್ಯೇಕ ಮೆಮ್‌ಕಾಪಿ ಕರೆಯನ್ನೇ ಹಾಕುತ್ತದೆ. ಅದು ಇನ್ನೊಂದು ಖರ್ಚು. ಇದು ಎಷ್ಟು ಸಲ ಕಾಡಿದೆ ಅಂದರೆ, ಮುಖ್ಯವಾದ ಟೈಪ್‌ಗಳ ಗಾತ್ರ ಇಂತಿಷ್ಟೇ ಬೈಟ್ ಇರಬೇಕು ಅಂತ ಕಂಪೈಲರ್ ಕೋಡಿನಲ್ಲೇ ಬರೆದಿಟ್ಟಿದ್ದಾರೆ. ಗಾತ್ರ ಬದಲಾದರೆ ಕಂಪೈಲರ್ ಬಿಲ್ಡ್ ಆಗುವುದೇ ಇಲ್ಲ. ಬದಲಿಸಲೇಬಾರದು ಅಂತೇನಿಲ್ಲ. ಬದಲಿಸುವವರು ಆ ಸಂಖ್ಯೆಯನ್ನು ತಮ್ಮ ಕೈಯಾರೆ ತಿದ್ದಬೇಕು, ರಿವ್ಯೂ ಮಾಡುವವರ ಕಣ್ಣಿಗೆ ಅದು ಬೀಳಬೇಕು, ಅಷ್ಟೆ. ನನಗೆ ಗೊತ್ತಿರುವ ಅತ್ಯಂತ ಅಗ್ಗದ ಕಾವಲು ಇದು.

ಇನ್ನೊಂದು ತಮಾಷೆ ನೋಡಿ. ರಸ್ಟ್ ಭಾಷೆಯ ಮಾಮೂಲಿ ಹ್ಯಾಶ್‌ಮ್ಯಾಪ್, ಕೀಲಿಯನ್ನು ಸಂಖ್ಯೆಯಾಗಿಸಲು ಸಿಪ್‌ಹ್ಯಾಶ್ ಎಂಬ ಲೆಕ್ಕ ಬಳಸುತ್ತದೆ. ಹೊರಗಿನವರು ಬೇಕೆಂದೇ ಹಲವು ಕೀಲಿಗಳನ್ನು ಒಂದೇ ಜಾಗಕ್ಕೆ ಡಿಕ್ಕಿ ಹೊಡೆಸಿ ನಿಧಾನ ಮಾಡದಂತೆ ಅದು ಕಾಯುತ್ತದೆ, ಅದಕ್ಕೆ ಸ್ವಲ್ಪ ಭಾರ. ಕಂಪೈಲರ್‌ಗೆ ಆ ಭಯ ಇಲ್ಲ. ಅದು ಫೈರ್‌ಫಾಕ್ಸ್‌ನಿಂದ ಬಂದ ಹಗುರವಾದ ಎಫ್‌ಎಕ್ಸ್ ಹ್ಯಾಶ್ ಬಳಸುತ್ತಾ ಬಂದಿದೆ. ಹೊಸಬರೊಬ್ಬರು ‘ಭಾಷೆಯ ಜೊತೆಗೇ ಒಂದು ಮ್ಯಾಪ್ ಇರುವಾಗ ಇದೇನು ಬೇರೆ?’ ಅಂತ ಅದನ್ನು ತೆಗೆದರೆ ಕೋಡ್ ಸರಳವಾಗುತ್ತದೆ, ಕಂಪೈಲರ್ ನಿಧಾನವಾಗುತ್ತದೆ. ಕಸದ ಹಾಗೆ ಕಾಣುವ ಕೆಲವು ವಸ್ತುಗಳನ್ನು ಯಾರೋ ಬೇಕೆಂದೇ ಅಲ್ಲಿ ಇಟ್ಟಿರುತ್ತಾರೆ. ಯಾಕೆ ಇಟ್ಟರು ಅಂತ ಒಂದು ಸಾಲಿನ ಟಿಪ್ಪಣಿ ಬರೆದಿದ್ದರೆ ಬದುಕಿದೆವು.

ಇಷ್ಟು ಗೊತ್ತಿದ್ದ ಮೇಲೆ ಅಳೆದರಾಯಿತಲ್ಲ, ಕಷ್ಟ ಏನು? ಅಳೆಯುವುದೇ ಕಷ್ಟ. ನಾನೊಮ್ಮೆ ಒಂದು ಪಾರ್ಸರ್ (ಕೋಡ್ ಓದಿ ಬಿಡಿಸುವ ಭಾಗ) ಶುಚಿ ಮಾಡಿ, ಶೇ. 4 ವೇಗ ಬಂತು ಅಂತ ಗೆಳೆಯರಿಗೆಲ್ಲ ಹೇಳಿಕೊಂಡಿದ್ದೆ. ಮೊದಲ ಅಳತೆ ಮಾಡುವಾಗ ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ಓಡುತ್ತಿತ್ತು, ಎರಡನೆಯ ಸಲ ಚಾರ್ಜರ್ ಹಾಕಿದ್ದೆ. ಇಷ್ಟೇ ಕತೆ. ಇದು ನನ್ನ ಪೆದ್ದುತನ ಸರಿ. ಆದರೆ ಎಚ್ಚರದಿಂದ ಇದ್ದವರೂ ಮೋಸ ಹೋಗುತ್ತಾರೆ. 2009ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಸಂಶೋಧನೆ ಇದನ್ನು ಚೆನ್ನಾಗಿ ತೋರಿಸಿತು. ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳ ಒಟ್ಟು ಉದ್ದ ಬದಲಾದರೆ, ಅಥವಾ ಫೈಲ್‌ಗಳನ್ನು ಲಿಂಕ್ ಮಾಡುವ ಸರದಿ ಬದಲಾದರೆ, ಅದೇ ಪ್ರೋಗ್ರಾಮ್‌ನ ವೇಗ ಬದಲಾಗುತ್ತದೆ. ಮೆಮೊರಿಯಲ್ಲಿ ವಸ್ತುಗಳು ಕೂರುವ ಜಾಗ ಸರಿದಾಡುವುದೇ ಕಾರಣ. ಅಂದರೆ ನಿಮ್ಮ ಶುಚಿ ಕೆಲಸಕ್ಕೆ ಸಿಕ್ಕ ಶೇ. 1ರ ಬಹುಮಾನ ನಿಮ್ಮ ಯೂಸರ್‌ನೇಮ್‌ನ ಉದ್ದಕ್ಕೆ ಸಲ್ಲಬೇಕಾದದ್ದೂ ಆಗಿರಬಹುದು!

ಆದ್ದರಿಂದಲೇ ರಸ್ಟ್ ಮತ್ತು ಎಲ್‌ಎಲ್‌ವಿಎಂ ಎರಡೂ ಕಡೆ ಮೊದಲು ನೋಡುವ ಅಂಕಿ ಸೆಕೆಂಡ್ ಅಲ್ಲ, ಪ್ರೊಸೆಸರ್ ಎಷ್ಟು ಇನ್‌ಸ್ಟ್ರಕ್ಷನ್ ಓಡಿಸಿತು ಎನ್ನುವ ಲೆಕ್ಕ. ಇದು ಬಿಸಿಲಿಗೆ ಬಾಡುವುದಿಲ್ಲ, ಪಕ್ಕದಲ್ಲಿ ಬ್ರೌಸರ್ ತೆರೆದರೆ ಅಲುಗಾಡುವುದೂ ಕಡಿಮೆ. ಶೇ. 0.3ರ ಬದಲಾವಣೆಯನ್ನೂ ನಂಬಬಹುದು. ಗಡಿಯಾರದಲ್ಲಿ ಅಷ್ಟು ಸಣ್ಣದನ್ನು ಹಿಡಿಯಲು ಹೋದರೆ ದಿನವಿಡೀ ಓಡಿಸುತ್ತಾ ಕೂರಬೇಕು.

ಆದರೆ ಬಳಸುವವರು ಕಾಯುವುದು ಸೆಕೆಂಡ್‌ಗಳನ್ನು, ಇನ್‌ಸ್ಟ್ರಕ್ಷನ್‌ಗಳನ್ನಲ್ಲ. ಪ್ರೊಸೆಸರ್ ಪಕ್ಕದ ಚುರುಕು ಮೆಮೊರಿಯಾದ ಕ್ಯಾಶ್‌ನಲ್ಲಿ ಸಿಗದ ಒಂದು ಓದು ನೂರಾರು ಇನ್‌ಸ್ಟ್ರಕ್ಷನ್‌ಗಳ ಸಮಯ ತಿನ್ನಬಹುದು, ಲೆಕ್ಕದಲ್ಲಿ ಮಾತ್ರ ಅದು ಒಂದೇ. ಕಂಪೈಲರನ್ನು ಹಲವು ಥ್ರೆಡ್‌ಗಳಲ್ಲಿ ಓಡುವಂತೆ ಮಾಡಿದರೆ ಒಟ್ಟು ಇನ್‌ಸ್ಟ್ರಕ್ಷನ್ ಹೆಚ್ಚಿದರೂ ಕಾಯುವ ಸಮಯ ಇಳಿಯಬಹುದು. ಇನ್‌ಸ್ಟ್ರಕ್ಷನ್ ಲೆಕ್ಕ ಹೊಗೆ ಪತ್ತೆ ಮಾಡಲು ಸರಿ. ಬೆಂಕಿ ಎಷ್ಟು ದೊಡ್ಡದು ಅಂತ ತಿಳಿಯಲು ಬೇರೆ ಅಳತೆಗಳನ್ನೂ ನೋಡಲೇಬೇಕು.

ಹನಿಗೂಡಿ ಹಳ್ಳ

ಎಲ್‌ಎಲ್‌ವಿಎಂನ ಕತೆ ಇಲ್ಲಿ ಹೇಳಲೇಬೇಕು. ಅಲ್ಲಿ ಎರಡನೆಯ ಗಡಿಯಾರದ ಮೇಲೆ, ಅಂದರೆ ಹೊರಬರುವ ಕೋಡಿನ ವೇಗದ ಮೇಲೆ, ಎಲ್ಲರಿಗೂ ಕಣ್ಣಿತ್ತು. ಚಿಪ್ ಕಂಪನಿಗಳು ಹಣ ಹಾಕುವುದೇ ಅದಕ್ಕೆ. ಮೊದಲನೆಯ ಗಡಿಯಾರಕ್ಕೆ ವಾರಸುದಾರರು ಇರಲಿಲ್ಲ. ರಸ್ಟ್ ಕಂಪೈಲರ್ ಒಳಗೂ ಇರುವುದು ಇದೇ ಯಂತ್ರ. 2020ರಲ್ಲಿ ರಸ್ಟ್ ಬಳಗ ಎಲ್‌ಎಲ್‌ವಿಎಂ 10ಕ್ಕೆ ಏರಿದಾಗ ಕಂಪೈಲ್ ಸಮಯ ಸುಮಾರು ಶೇ. 10 ಹೆಚ್ಚಾಯಿತು. ಯಾರೋ ಒಬ್ಬರು ಮಾಡಿದ ಒಂದು ದೊಡ್ಡ ತಪ್ಪು ಅಂತ ಬೊಟ್ಟು ಮಾಡಲು ಆಗುತ್ತಿರಲಿಲ್ಲ. ಲೆಕ್ಕ ಹಾಕಿ ನೋಡಿ: ಒಂದೊಂದೂ ಶೇ. 0.3 ನಿಧಾನ ಮಾಡುವ 30 ಕಮಿಟ್ ಸೇರಿದರೆ ಶೇ. 9 ದಾಟುತ್ತದೆ. ಬಿಡಿಯಾಗಿ ನೋಡಿದರೆ ಪ್ರತಿಯೊಬ್ಬರೂ ‘ನನ್ನದೇನೂ ಇಲ್ಲ’ ಅಂತ ಪ್ರಾಮಾಣಿಕವಾಗಿಯೇ ಹೇಳಬಹುದು.

ಎಲ್‌ಎಲ್‌ವಿಎಂಗೆ ಕೋಡ್ ಬರೆಯುವ ನಿಕಿತಾ ಪೋಪೋವ್ ಅದೇ ವರ್ಷ ಒಂದು ಕೆಲಸ ಮಾಡಿದರು. ಎಲ್‌ಎಲ್‌ವಿಎಂಗೆ ಬರುವ ಕಮಿಟ್‌ಗಳ ಸರಣಿಯನ್ನು ಅಳೆಯುತ್ತಾ ಹೋಗುವ ಒಂದು ಟ್ರ್ಯಾಕರ್ ನಿಲ್ಲಿಸಿದರು. ಎಸ್‌ಕ್ಯೂಲೈಟ್, 7ಜಿಪ್, ಬುಲೆಟ್, ಕ್ಲ್ಯಾಮ್‌ಎವಿ ಮೊದಲಾದ ಹತ್ತು ಪ್ರೋಗ್ರಾಮ್‌ಗಳನ್ನು ಪ್ರತಿ ಸಲ ಕಂಪೈಲ್ ಮಾಡಿ, ಎಷ್ಟು ಇನ್‌ಸ್ಟ್ರಕ್ಷನ್ ಹಿಡಿಯಿತು ಅಂತ ಎಲ್ಲರಿಗೂ ಕಾಣುವಂತೆ ಹಾಕುತ್ತದೆ. ಯಾರ ಕಮಿಟ್, ಎಷ್ಟು ಏರಿತು, ಎಷ್ಟು ಇಳಿಯಿತು, ಎಲ್ಲ ಬಯಲು. ಯಾರನ್ನೂ ಬೈಯುವ ನಿಯಮ ಇಲ್ಲ, ತಡೆಯುವ ಗೇಟೂ ಇಲ್ಲ. ಆದರೂ ರಿವ್ಯೂನಲ್ಲಿ ‘ಟ್ರ್ಯಾಕರ್‌ನಲ್ಲಿ ನೋಡಿದಿರಾ?’ ಎನ್ನುವುದು ಮಾಮೂಲಿ ಪ್ರಶ್ನೆಯಾಯಿತು. ಅಡುಗೆಮನೆಯಲ್ಲಿ ಗ್ಯಾಸ್ ಸಿಲಿಂಡರ್ ತಂದ ತಾರೀಖು ಕ್ಯಾಲೆಂಡರ್ ಮೇಲೆ ಬರೆದಿಟ್ಟರೆ ಮನೆಯವರೆಲ್ಲ ಉರಿ ಸಣ್ಣ ಮಾಡುತ್ತಾರಲ್ಲ, ಹಾಗೆ.

ರಸ್ಟ್ ಬಳಗ ಇದನ್ನು ಇನ್ನೂ ಬಿಗಿಯಾಗಿ ಕಟ್ಟಿದೆ. ಪುಲ್ ರಿಕ್ವೆಸ್ಟ್ (ಸೇರಿಸಿಕೊಳ್ಳಿ ಅಂತ ಕಳಿಸಿದ ಬದಲಾವಣೆ) ಮೇಲೆ ಒಂದು ಸಾಲಿನ ಆಜ್ಞೆ ಬರೆದರೆ ಬಾಟ್ ಒಂದು ಕಂಪೈಲರ್ ಬಿಲ್ಡ್ ಮಾಡಿಸಿ, ಅದಕ್ಕೆಂದೇ ಮೀಸಲಾದ ಯಂತ್ರದಲ್ಲಿ ಅಳೆದು, ಕೋಷ್ಟಕ ತಂದು ಹಾಕುತ್ತದೆ. ಮೊದಲ ಸಲದ ಪೂರ್ತಿ ಕಂಪೈಲ್, ಏನೂ ಬದಲಿಸದೆ ಮತ್ತೆ ಕಂಪೈಲ್, ಒಂದು ಸಾಲು ಬದಲಿಸಿ ಕಂಪೈಲ್, ಎಲ್ಲವನ್ನೂ ಬೇರೆ ಬೇರೆ ಅಳೆಯುತ್ತಾರೆ. ಪ್ರತಿ ಬೆಂಚ್‌ಮಾರ್ಕ್ ಎಷ್ಟು ಅಲುಗಾಡುವ ಸ್ವಭಾವದ್ದು ಅಂತ ಅದರ ಹಿಂದಿನ ಇತಿಹಾಸದಿಂದ ತಿಳಿದುಕೊಂಡು, ಅದನ್ನು ಮೀರಿದ್ದನ್ನು ಮಾತ್ರ ಗುರುತು ಮಾಡುತ್ತಾರೆ. ಬದಲಾವಣೆ ಮರ್ಜ್ ಆದ ಮೇಲೂ, ಅಂದರೆ ಮುಖ್ಯ ಕೋಡಿಗೆ ಸೇರಿದ ಮೇಲೂ, ಅಳತೆ ನಡೆಯುತ್ತದೆ. ವಾರಕ್ಕೊಮ್ಮೆ ಒಬ್ಬರು ಕೂತು ಏರಿಳಿತಗಳನ್ನೆಲ್ಲ ನೋಡಿ, ಸಂಬಂಧಪಟ್ಟವರನ್ನು ಕೇಳಿ ವರದಿ ಬರೆಯುತ್ತಾರೆ. ವಾರಕ್ಕೊಮ್ಮೆ ಬರುವ ಈ ವರದಿಯೇ ನನ್ನ ದೃಷ್ಟಿಯಲ್ಲಿ ಇಡೀ ಏರ್ಪಾಡಿನ ಪ್ರಾಣ. ಕೋಷ್ಟಕವನ್ನು ಯಂತ್ರ ಕೊಡುತ್ತದೆ, ‘ಯಾಕೆ’ ಅಂತ ಕೇಳಲು ಮನುಷ್ಯರೇ ಬೇಕು.

ಇಲ್ಲೂ ಒಂದು ಸಂದಿ ಇದೆ. ಪೂರ್ತಿ ಪರೀಕ್ಷೆ ಓಡಿಸಲು ಗಂಟೆಗಟ್ಟಲೆ ಹಿಡಿಯುವುದರಿಂದ, ಅಪಾಯವಿಲ್ಲ ಎನ್ನಿಸಿದ ಸಣ್ಣ ಬದಲಾವಣೆಗಳನ್ನು ಒಟ್ಟಿಗೆ ಕಟ್ಟಿ ಮರ್ಜ್ ಮಾಡುತ್ತಾರೆ. ಇದಕ್ಕೆ ರೋಲಪ್ ಅನ್ನುತ್ತಾರೆ. ‘ಸುಮ್ನೆ ಶುಚಿ ಮಾಡಿದ್ದು’ ಎನ್ನುವ ಪುಲ್ ರಿಕ್ವೆಸ್ಟ್‌ಗಳು ಸಹಜವಾಗಿ ಇಂಥ ಕಟ್ಟಿಗೆ ಹೋಗುತ್ತವೆ. ಕಟ್ಟು ನಿಧಾನ ಎಂದು ಗೊತ್ತಾದಾಗ ಒಳಗೆ ಯಾವುದು ಕಾರಣ ಅಂತ ಮತ್ತೆ ಬಿಡಿಸಿ ಅಳೆಯಬೇಕು. ಆದ್ದರಿಂದ ಅನುಭವ ಇದ್ದವರು, ಬಿಸಿ ಜಾಗದ (ಮತ್ತೆ ಮತ್ತೆ ಓಡುವ) ಕೋಡ್ ಮುಟ್ಟಿದ್ದರೆ, ಎಷ್ಟೇ ಚಿಕ್ಕದಿರಲಿ, ಇದನ್ನು ರೋಲಪ್‌ಗೆ ಸೇರಿಸಬೇಡಿ ಅಂತ ತಾವೇ ಗುರುತು ಹಾಕುತ್ತಾರೆ.

ಅಳತೆ ಇದ್ದರೆ ಧೈರ್ಯ

ಇಷ್ಟೆಲ್ಲ ಕಾವಲು ನೋಡಿದರೆ ಶುಚಿ ಮಾಡುವವರ ಕೈ ಕಟ್ಟಿಹಾಕಿದಂತೆ ಕಾಣುತ್ತದೆ, ಅಲ್ವಾ? ನಾನು ನೋಡಿರುವುದು ಇದಕ್ಕೆ ವಿರುದ್ಧ. ಅಳತೆ ಇಲ್ಲದ ಕಡೆ ‘ಓಡುತ್ತಿದೆಯಲ್ಲ, ಮುಟ್ಟಬೇಡ’ ಎನ್ನುವ ಭಯ ಬೆಳೆಯುತ್ತದೆ. ಹಳೆಯ ಫಂಕ್ಷನ್‌ಗೆ ಕೈಮುಗಿದು ಪಕ್ಕದಲ್ಲಿ ಹೊಸದನ್ನು ಕಟ್ಟುತ್ತಾರೆ. ಅಳತೆ ಇದ್ದ ಕಡೆಯೇ ದೊಡ್ಡ ಶುಚಿ ಕೆಲಸ ನಡೆದಿದೆ. ನಿಕೊಲಸ್ ನೆದರ್‌ಕೋಟ್ ಅವರನ್ನೇ ನೋಡಿ. ವ್ಯಾಲ್‌ಗ್ರೈಂಡ್ ಬಳಗದಲ್ಲಿ ಕ್ಯಾಶ್‌ಗ್ರೈಂಡ್ ಎಂಬ ಅಳತೆಯ ಉಪಕರಣ ಬರೆದವರು, ರಸ್ಟ್ ಕಂಪೈಲರ್‌ನ ವೇಗದ ಹಿಂದೆ 2016ರಿಂದ ಬಿದ್ದವರು. ಅದೇ ಮನುಷ್ಯ ಅಲ್ಲಿ ರಾಶಿ ರಾಶಿ ಕೋಡ್ ಶುಚಿ ಮಾಡಿದ್ದಾರೆ. ಮ್ಯಾಕ್ರೊಗಳ ಟೋಕನ್ ಸಾಲಿನ ನಡುವೆ, ಆಗಲೇ ಪಾರ್ಸ್ ಆದ ಸಿಂಟ್ಯಾಕ್ಸ್ ಮರದ ತುಂಡುಗಳನ್ನು ತುರುಕಿಡುವ ಒಂದು ಹಳೆಯ ಪದ್ಧತಿ ಇತ್ತು. ಅದನ್ನು ಬೇರುಸಹಿತ ಕೀಳಲು ಅವರಿಗೆ ವರ್ಷಗಳೇ ಹಿಡಿದವು.

ಎಲ್‌ಎಲ್‌ವಿಎಂನಲ್ಲೂ ಇಂಥ ಎರಡು ದೊಡ್ಡ ಕೆಲಸ ನಡೆದವು. ಮೊದಲು ಪಾಯಿಂಟರ್‌ಗಳಿಗೆ (ಮೆಮೊರಿಯ ವಿಳಾಸಗಳಿಗೆ) ‘ಇದು ಇಂಥ ಟೈಪ್‌ನದ್ದು’ ಅಂತ ಚೀಟಿ ಅಂಟಿಸಿರುತ್ತಿದ್ದರು. ಆ ಚೀಟಿಯಿಂದ ಪ್ರಯೋಜನ ಕಡಿಮೆ, ಚೀಟಿ ಬದಲಿಸಲೆಂದೇ ಬಿಟ್‌ಕಾಸ್ಟ್ ಎಂಬ ಇನ್‌ಸ್ಟ್ರಕ್ಷನ್‌ಗಳ ದಂಡು. 2022ರ ಎಲ್‌ಎಲ್‌ವಿಎಂ 15ರಲ್ಲಿ ಚೀಟಿ ಇಲ್ಲದ ಪಾಯಿಂಟರ್ ಮಾಮೂಲಿಯಾಯಿತು, 2023ರ 17ನೇ ಆವೃತ್ತಿಯಲ್ಲಿ ಹಳೆಯದನ್ನು ಪೂರ್ತಿ ಕಿತ್ತರು. ಆಮೇಲೆ ಡಿಬಗ್ ಮಾಹಿತಿಯ (ತಪ್ಪು ಹುಡುಕುವವರಿಗೆ ನೆರವಾಗುವ ಟಿಪ್ಪಣಿ) ಸರದಿ. ಅದನ್ನು ನಿಜವಾದ ಇನ್‌ಸ್ಟ್ರಕ್ಷನ್‌ಗಳ ಸಾಲಿನಲ್ಲೇ ಸುಳ್ಳು ಇನ್‌ಸ್ಟ್ರಕ್ಷನ್‌ಗಳಾಗಿ ಕೂರಿಸುತ್ತಿದ್ದರು. ಪ್ರತಿ ಹಂತವೂ ಅವನ್ನು ದಾಟಿಕೊಂಡು ಹೋಗಬೇಕು. ಯಾರಾದರೂ ದಾಟಲು ಮರೆತರೆ, ಡಿಬಗ್ ಆನ್ ಮಾಡಿದ್ದಕ್ಕೇ ಹೊರಬರುವ ಕೋಡ್ ಬೇರೆಯಾಗುತ್ತಿತ್ತು. 2024ರ ಎಲ್‌ಎಲ್‌ವಿಎಂ 19ರಲ್ಲಿ ಆ ಮಾಹಿತಿ ಸಾಲಿನಿಂದ ಎದ್ದು ಪಕ್ಕಕ್ಕೆ ಹೋಯಿತು.

ಇಂಥ ದೊಡ್ಡ ಕೆಲಸದ ನಡುವಿನ ಕಾಲವೇ ಅಪಾಯದ್ದು. ಹಳೆಯ ರೀತಿ, ಹೊಸ ರೀತಿ ಎರಡೂ ಒಟ್ಟಿಗೆ ಇರುತ್ತವೆ. ನಡುವೆ ಪರಿವರ್ತನೆಯ ಖರ್ಚು ಬೇರೆ. ಆಗ ಅಳತೆ ಕೆಂಪು ತೋರಿಸುವುದು ಸಹಜ. ಅಲ್ಲಿ ಹೆದರಿ ಕೈಬಿಟ್ಟರೆ ಎರಡೂ ಉಳಿದು ಮೊದಲಿಗಿಂತ ಕೆಟ್ಟ ಸ್ಥಿತಿ.

ಹಾಗಾದರೆ ನಿಧಾನವಾದರೂ ಪರವಾಗಿಲ್ಲ ಅಂತ ಯಾವಾಗ ಹೇಳಬಹುದು? ಗೋ ತಂಡ ಇದಕ್ಕೆ ಎರಡು ಸಲ ಬಹಿರಂಗವಾಗಿ ಉತ್ತರ ಕೊಟ್ಟಿದೆ. 2015ರ ಗೋ 1.5ರಲ್ಲಿ ಸಿ ಭಾಷೆಯಲ್ಲಿದ್ದ ಕಂಪೈಲರನ್ನು ಯಂತ್ರದಿಂದಲೇ ಗೋಗೆ ಅನುವಾದ ಮಾಡಿಸಿದರು. ಬಿಲ್ಡ್ ಸುಮಾರು ಎರಡು ಪಟ್ಟು ನಿಧಾನವಾಯಿತು. ಬಿಡುಗಡೆ ಟಿಪ್ಪಣಿಯಲ್ಲೇ ಅದನ್ನು ಹೇಳಿದರು, ಯಂತ್ರ ಬರೆದ ಗೋ ಕೋಡ್ ಚೆನ್ನಾಗಿಲ್ಲ ಎನ್ನುವ ಕಾರಣವನ್ನೂ ಕೊಟ್ಟರು. ಆದರೆ ಅದರ ಮೇಲೆ ನಿಂತೇ ಮರುವರ್ಷ 1.7ರಲ್ಲಿ ಹೊಸ ಬ್ಯಾಕ್‌ಎಂಡ್ (ಕೊನೆಗೆ ಯಂತ್ರದ ಕೋಡ್ ಉಗುಳುವ ಭಾಗ) ಬಂತು, ತಯಾರಾದ ಪ್ರೋಗ್ರಾಮ್‌ಗಳು ಶೇ. 5ರಿಂದ 35ರಷ್ಟು ಚುರುಕಾದವು. 2022ರಲ್ಲಿ 1.18ಕ್ಕೆ ಜೆನೆರಿಕ್ಸ್ (ಒಂದೇ ಕೋಡನ್ನು ಹಲವು ಟೈಪ್‌ಗಳಿಗೆ ಬಳಸುವ ಸೌಲಭ್ಯ) ಬಂದಾಗ ಕಂಪೈಲ್ ಸುಮಾರು ಶೇ. 15 ನಿಧಾನ ಅಂತ ಮತ್ತೆ ಬರೆದರು. 1.20ರಲ್ಲಿ ಹಳೆಯ ವೇಗಕ್ಕೆ ಮರಳಿಸಿದರು. ಇದು ಲೆಕ್ಕದ ಪುಸ್ತಕದಲ್ಲಿ ಬರೆದು ತಂದ ಸಾಲ. ಶೇ. 0.3ರ ಮೂವತ್ತು ಕಮಿಟ್ ಹಾಗಲ್ಲ, ಅದು ಯಾರ ಹೆಸರಿಗೂ ಇಲ್ಲದ ಸಾಲ. ಒಂದು ಚೆಂದದ ಶುಚಿ ಕೆಲಸ ಶೇ. 0.2 ತಿಂದರೆ ನಾನು ಬಿಟ್ಟುಬಿಡುತ್ತೇನೆ, ಆದರೆ ಆ 0.2 ಕಮಿಟ್ ಸಂದೇಶದಲ್ಲಿ ಬರೆದಿರಬೇಕು.

ಮತ್ತೆ ಪೈಥಾನ್‌ಗೆ ಬರೋಣ. ಕಂಪೈಲ್ ಸಮಯದ ಟ್ರ್ಯಾಕರ್ ಇದ್ದರೂ ಕ್ಲ್ಯಾಂಗ್ 19ರ ಪೆಟ್ಟು ಅದರಲ್ಲಿ ಕಾಣಲಿಲ್ಲ, ಕಾಣುವಂತೆಯೂ ಇರಲಿಲ್ಲ. ಅದು ನೋಡುವುದು ಮೊದಲನೆಯ ಗಡಿಯಾರವನ್ನು, ಅದರ ಹತ್ತು ಪ್ರೋಗ್ರಾಮ್‌ಗಳಲ್ಲಿ ಪೈಥಾನ್ ಇಲ್ಲ. ಪೈಥಾನ್‌ನವರ ಬಳಿಯೂ ಅಳತೆ ಇತ್ತು, ಆದರೆ ಹಳೆಯದು, ಹೊಸದು ಎರಡನ್ನೂ ಅವರು ಬಿಲ್ಡ್ ಮಾಡಿದ್ದು ಅದೇ ಕ್ಲ್ಯಾಂಗ್ 19ರಲ್ಲಿ. ಎಲ್ಹೇಜ್ ಮಾಡಿದ್ದು ಇಷ್ಟೇ: ಕ್ಲ್ಯಾಂಗ್ 18ರಲ್ಲೂ ಜಿಸಿಸಿ ಎಂಬ ಇನ್ನೊಂದು ಕಂಪೈಲರ್‌ನಲ್ಲೂ ಬಿಲ್ಡ್ ಮಾಡಿ ಪಕ್ಕದಲ್ಲಿಟ್ಟು ನೋಡಿದರು. ಎಲ್‌ಎಲ್‌ವಿಎಂ 20ರಲ್ಲಿ ಮಿತಿಯನ್ನು ಸಡಿಲಿಸಿ, ಇಂಟರ್‌ಪ್ರಿಟರ್‌ಗಳ ಜಿಗಿತ ಮತ್ತೆ ಬಿಡಿಬಿಡಿಯಾಗುವಂತೆ ಮಾಡಿದರು.